ನಿಮಗಿದು ಗೊತ್ತೆ? ಬೆಂಕಿಯಿಲ್ಲದೆ ಸುಡುವ ರಾಗಿ ತೆನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರು ಹೆದರುವ ರಾಗಿಯ ಬೆಂಕಿರೋಗ ಒಂದು ಶಿಲೀಂಧ್ರದ ಕೆಲಸ. ಮೋಡ ಮುಚ್ಚಿ ತುಂತುರು ಹಿಡಿದರೆ ಬೇಗ ಹಬ್ಬುತ್ತದೆ. ಎಲೆಗಷ್ಟೇ ತಗಲಿದರೆ ಪೈರು ಚೇತರಿಸಿಕೊಂಡೀತು. ತೆನೆಯ ಕುತ್ತಿಗೆಗೋ ಇಲುಕಿಗೋ ಬಂದರೆ ಮಾತ್ರ ಕಾಳೆಲ್ಲ ಜೊಳ್ಳು, ವರ್ಷದ ದುಡಿಮೆ ಮಣ್ಣುಪಾಲು.

ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ತಳಿಯಲ್ಲಿ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಅವುಗಳಲ್ಲೊಂದಾದ ಇಂಡಾಫ್-5ನ್ನು, ಇಂಡಾಫ್-9 ಮತ್ತು ಐಇ-1012 ತಳಿಗಳ ಸಂಕರದ ಜತೆ ಬೆರೆಸಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಜಿಪಿಯು-28 ಬೆಂಕಿರೋಗವನ್ನು ತಡೆದುಕೊಳ್ಳುತ್ತದೆ. ನಮ್ಮ ಮುದ್ದೆಯ ತಟ್ಟೆ ಈ ತಳಿಗೆ ಬಹಳ ಋಣಿ.

ಕೊಯ್ಲಿನ ನಂತರದ ಅಪಾಯವೇ ಬೇರೆ. 2021ರ ನವೆಂಬರಿನಂತೆ ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ತೆನೆ ನೆನೆದು ಬೂಷ್ಟು ಬರುತ್ತದೆ. ಬೇರೆ ಬೆಳೆಗಳಿಗೂ ಇದೇ ಪಾಡು: ಒದ್ದೆ ಉಳಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಮಾರಕ, ಕ್ಯಾನ್ಸರ್‌ಕಾರಕ; ಬೇಯಿಸಿದರೂ ಪೂರ್ತಿ ನಾಶವಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಿಂದಲೇ ಈ ವಿಷ ಪತ್ತೆಯಾಯಿತು.

ಹೈನುಗಾರಿಕೆಯ ಕೋಲಾರ ಇದನ್ನು ಮುಖ್ಯವಾಗಿ ಗಮನಿಸಬೇಕು: ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿಗೂ ಅದೇ ವಿಷ ಎಂ-1 ಎಂಬ ರೂಪದಲ್ಲಿ ಇಳಿಯುತ್ತದೆ. ಭಾರತದಲ್ಲಿ ಹಾಲಿಗೆ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ.