ಹಸುಗೂಸಿನ ಬೇನೆಯೂ ಎರಡನೆಯ ವೈದ್ಯರ ಅಭಿಪ್ರಾಯವೂ

ಮನೆಯಲ್ಲಿ ದೊಡ್ಡವರಿಗೆ ಜಾಡ್ಯವುಂಟಾದರೆ, ನೋವು ಎಲ್ಲಿದೆ, ಎಂದಿನಿಂದ ಇದೆ, ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಬಲ್ಲರು. ಹಸುಗೂಸಿಗೆ ಆ ಶಕ್ತಿಯಿಲ್ಲ. ಅದರ ಭಾಷೆಯೆಲ್ಲ ಅಳುವೊಂದೇ. ಬೇನೆ ಬಲವಾದಾಗ ಆ ಅಳುವೂ ನಿಂತುಹೋಗುವುದುಂಟು. ನಮ್ಮ ಪ್ರಾಚೀನ ವೈದ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಬಾಲಚಿಕಿತ್ಸೆಯನ್ನೇ ಮುಖ್ಯ ವಿಷಯವಾಗಿ ಉಳ್ಳ ಕಾಶ್ಯಪಸಂಹಿತೆಯಲ್ಲಿ, ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದ ಊಹಿಸುವ ಬಗೆಯನ್ನು ತಿಳಿಸುವುದಕ್ಕಾಗಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವೇ ಮೀಸಲಾಗಿದೆ. ಈ ಕಾಲದಲ್ಲಿ ರಕ್ತಪರೀಕ್ಷೆ, ಕ್ಷಕಿರಣ, ಅಲ್ಟ್ರಾಸೌಂಡ್ ಮೊದಲಾದ ಸಾಧನಗಳು ನೆರವಿಗೆ ಬಂದಿವೆ. ಆದರೂ ಶಿಶುವಿನ ರೋಗನಿರ್ಣಯವು ಕೆಲವೊಮ್ಮೆ ಸಂದಿಗ್ಧವಾಗಿಯೇ ಉಳಿಯುತ್ತದೆ.

ಅಂತಹ ಸಮಯದಲ್ಲಿ ಆಸ್ಪತ್ರೆಯ ಬಾಗಿಲಿನಲ್ಲಿ ಕುಳಿತ ತಾಯ್ತಂದೆಗಳಿಗೆ, ಇನ್ನೊಬ್ಬ ವೈದ್ಯರನ್ನು ಕೇಳಿದರಾಗದೆ ಎಂಬ ಯೋಚನೆ ಹುಟ್ಟುವುದು ಸಹಜ. ಆದರೆ ಆ ಮಾತು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಕೇಳಿದರೆ ಡಾಕ್ಟರಿಗೆ ಕೋಪ ಬಂದೀತು, ಶುಶ್ರೂಷೆಯಲ್ಲಿ ಉದಾಸೀನ ತೋರಿಯಾರು, ಕೂಸಿಗೇ ಕೇಡಾದೀತು ಎಂಬ ಭಯ. ಈ ಭಯಕ್ಕೆ ಆಧಾರವಿದೆಯೆ, ಎರಡನೆಯ ಅಭಿಪ್ರಾಯವನ್ನು ಯಾವಾಗ ಕೇಳಬೇಕು, ಯಾವಾಗ ಕೇಳುತ್ತ ಕೂರಬಾರದು, ಹೇಗೆ ಕೇಳಬೇಕು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ನೆಮ್ಮದಿಯ ಕಾಲದಲ್ಲಿಯೇ ತಿಳಿದಿರುವುದು ಒಳ್ಳೆಯದು.

ಕೇಳುವುದು ಅವಿನಯವಲ್ಲ

ವೈದ್ಯರು ವೈದ್ಯರೊಡನೆ ಕೂಡಿ ವಿಚಾರಮಾಡುವುದು ಹೊಸ ಪದ್ಧತಿಯೇನೂ ಅಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ತದ್ವಿದ್ಯಸಂಭಾಷೆಯೆಂಬ ವಿಷಯವನ್ನು ವಿಸ್ತಾರವಾಗಿ ಹೇಳಿದೆ. ಒಂದೇ ವಿದ್ಯೆಯನ್ನು ಬಲ್ಲವರು ಪರಸ್ಪರ ಮಾತನಾಡಿದರೆ ಜ್ಞಾನವು ಹೆಚ್ಚುವುದೆಂದೂ ಸಂದೇಹವು ನೀಗುವುದೆಂದೂ ಅಲ್ಲಿ ಹೇಳಿ, ಅಂತಹ ಸಂಭಾಷಣೆಯನ್ನು ಸ್ನೇಹದಿಂದ ನಡೆಯುವುದು, ಗೆಲ್ಲುವ ಹಟದಿಂದ ನಡೆಯುವುದು ಎಂದು ಎರಡು ಬಗೆಯಾಗಿ ವಿಂಗಡಿಸಿದೆ. ರೋಗಿಗೆ ಬೇಕಾದುದು ಮೊದಲನೆಯದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದ ವೈದ್ಯರ ನಡತೆಗೆ ಕಟ್ಟಳೆಯಾಗಿರುವ ೨೦೦೨ನೆಯ ಇಸವಿಯ ನಿಯಮಗಳಲ್ಲಿಯೂ ಇದಕ್ಕೆ ಸ್ಥಾನವುಂಟು. ರೋಗವು ತೀವ್ರವಾಗಿದ್ದಾಗ, ಅಥವಾ ಸಂಶಯಾಸ್ಪದವೂ ಕಠಿನವೂ ಆಗಿದ್ದಾಗ, ವೈದ್ಯನು ತಾನೇ ಇನ್ನೊಬ್ಬರ ಸಲಹೆಯನ್ನು ಕೋರತಕ್ಕದ್ದೆಂದು ಆ ನಿಯಮಗಳು ಹೇಳುತ್ತವೆ. ಇಬ್ಬರ ಮತಗಳು ಹೊಂದದೆ ಹೋದರೆ ಆ ಸಂಗತಿಯನ್ನು ರೋಗಿಗೆ ಅಥವಾ ಬಂಧುಗಳಿಗೆ ನಿಷ್ಪಕ್ಷಪಾತವಾಗಿ ತಿಳಿಸಬೇಕೆಂದೂ, ಮುಂದೆ ಮತ್ತೊಬ್ಬರನ್ನು ಕೇಳುವುದು ಅವರ ಇಚ್ಛೆಗೆ ಸೇರಿದ್ದೆಂದೂ ಅಲ್ಲಿದೆ. ರೋಗಿಯ ಕಡೆಯವರು ದಾಖಲೆಗಳನ್ನು ಕೇಳಿದರೆ ೭೨ ಗಂಟೆಗಳೊಳಗಾಗಿ ಕೊಡತಕ್ಕದ್ದೆಂಬುದೂ ಅದೇ ನಿಯಮಗಳ ಮಾತು. ಇದಲ್ಲದೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿ, ಕೇಂದ್ರದ ಆರೋಗ್ಯ ಮಂತ್ರಾಲಯವು ೨೦೧೮ರಲ್ಲಿ ಪ್ರಕಟಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಎರಡನೆಯ ಅಭಿಪ್ರಾಯವನ್ನು ಪಡೆಯುವುದು ಒಂದು ಪ್ರತ್ಯೇಕ ಹಕ್ಕಾಗಿಯೇ ಎಣಿಸಲ್ಪಟ್ಟಿದೆ. ಹಾಗೆ ಕೇಳಿದರೆಂಬ ಕಾರಣದಿಂದ ರೋಗಿಯನ್ನು ಭೇದಭಾವದಿಂದ ಕಾಣುವುದು ತಪ್ಪೆಂದೂ ಅದರಲ್ಲಿ ಹೇಳಿದೆ. ಆದಕಾರಣ ಕೇಳುವವರು ಅಂಜಬೇಕಾದುದಿಲ್ಲ. ಕೇಳುವ ರೀತಿಯಲ್ಲಿ ಮಾತ್ರ ವಿನಯವಿರಬೇಕು.

ಒಂದು ಉದಾಹರಣೆ: ಹಳದಿ ಇಳಿಯದ ಕೂಸು

ಈ ವಿಷಯದ ಮಹತ್ವವನ್ನು ಮನಗಾಣುವುದಕ್ಕೆ ಕಾಮಾಲೆಗಿಂತ ಒಳ್ಳೆಯ ಉದಾಹರಣೆ ದೊರೆಯದು. ದಿನ ತುಂಬಿ ಹುಟ್ಟಿದ ಹತ್ತು ಕೂಸುಗಳಲ್ಲಿ ಸುಮಾರು ಆರಕ್ಕೆ ಮೊದಲ ವಾರದಲ್ಲಿ ಮೈ ಕಣ್ಣುಗಳು ಹಳದಿಯಾಗುತ್ತವೆ. ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿಯುತ್ತದೆ. ಕೆಲವರನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಬೇಕಾಗುತ್ತದೆ. ಈ ಬೆಳಕಿನ ಚಿಕಿತ್ಸೆಯ ಹುಟ್ಟೂ ತಿಳಿಯತಕ್ಕದ್ದೇ. ೧೯೫೬ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿಯು, ಬಿಸಿಲು ತಾಗಿದ ಕಡೆ ಕೂಸಿನ ಮೈಯ ಹಳದಿ ತಗ್ಗಿರುವುದನ್ನು ಕಂಡು ವೈದ್ಯರಿಗೆ ತೋರಿಸಿದಳು. ಅವಳ ಮಾತನ್ನು ವೈದ್ಯರು ತಳ್ಳಿಹಾಕದೆ ಪರೀಕ್ಷಿಸಿದುದರಿಂದ ಕ್ರೀಮರ್ ಮೊದಲಾದವರ ೧೯೫೮ರ ಪ್ರಬಂಧವು ಹೊರಬಂದಿತು. ಇನ್ನೊಂದು ಜೊತೆ ಕಣ್ಣುಗಳಿಂದ ಆಗುವ ಉಪಕಾರಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ದಿನ ತುಂಬಿ ಹುಟ್ಟಿದ ಕೂಸಿಗೆ ಹದಿನಾಲ್ಕು ದಿನಗಳು ಕಳೆದರೂ ಹಳದಿ ಇಳಿಯದಿದ್ದರೆ ಕಾರಣವನ್ನು ಹುಡುಕಲೇಬೇಕು. ಮೊಲೆಹಾಲು ಕುಡಿಯುವ ಕೂಸುಗಳಲ್ಲಿ ಕೆಲವಕ್ಕೆ ಕೆಲವು ವಾರಗಳವರೆಗೆ ಹಳದಿ ನಿಲ್ಲುವುದುಂಟು, ಅದರಿಂದ ಕೇಡಿಲ್ಲ. ಆದರೆ ಅದೇ ಹಳದಿಯ ಹಿಂದೆ ಪಿತ್ತನಾಳವು ಮುಚ್ಚಿಹೋಗುವ ಒಂದು ವಿರಳವಾದ, ಭಯಂಕರವಾದ ರೋಗವು ಅಡಗಿರಬಹುದು. ಕೂಸು ಆರಂಭದಲ್ಲಿ ಚೆನ್ನಾಗಿ ಹಾಲು ಕುಡಿಯುತ್ತದೆ, ಮೈಯೂ ತುಂಬಿಕೊಳ್ಳುತ್ತದೆ. ಆದುದರಿಂದ ಮನೆಯವರೂ ಕೆಲವೊಮ್ಮೆ ವೈದ್ಯರೂ ಮೋಸಹೋಗುತ್ತಾರೆ. ಗುರುತುಗಳು ಇರುವುದು ಬಟ್ಟೆಯಲ್ಲಿ. ಆರೋಗ್ಯವಂತ ಎಳೆಗೂಸಿನ ಮೂತ್ರಕ್ಕೆ ಬಣ್ಣವಿರುವುದಿಲ್ಲ, ಮಲವು ಹಳದಿಯಾಗಿರುತ್ತದೆ. ಈ ರೋಗದಲ್ಲಿ ಮೂತ್ರವು ಗಾಢವಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಮಲವು ಬೂದು ಅಥವಾ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ತೈವಾನ್ ದೇಶದಲ್ಲಿ ೨೦೦೪ರಿಂದ ಮಲದ ಬಣ್ಣಗಳನ್ನು ಅಚ್ಚುಹಾಕಿದ ಚೀಟಿಯನ್ನೇ ತಾಯಂದಿರ ಕೈಗೆ ಕೊಡುವ ಏರ್ಪಾಡಾಯಿತು.

ಜಪಾನಿನ ಮೋರಿಯೋ ಕಸಾಯ್ ಎಂಬ ಶಸ್ತ್ರವೈದ್ಯನು ೧೯೫೯ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯೇ ಇದಕ್ಕೆ ಇಂದಿಗೂ ಮೊದಲ ಚಿಕಿತ್ಸೆ. ಕೂಸಿಗೆ ಅರುವತ್ತು ದಿನಗಳು ತುಂಬುವುದರೊಳಗೆ ಅದನ್ನು ಮಾಡಿದರೆ ಫಲವು ಉತ್ತಮ. ತಡವಾದಷ್ಟೂ ಯಕೃತ್ತು ಗಟ್ಟಿಯಾಗುತ್ತ ಹೋಗುತ್ತದೆ. ಆ ಮೇಲೆ ಉಳಿಯುವ ದಾರಿ ಯಕೃತ್ತಿನ ಕಸಿಯೊಂದೇ. ೧೯೯೮ರಲ್ಲಿ ದೆಹಲಿಯಲ್ಲಿ ಜರುಗಿದ, ನಮ್ಮ ದೇಶದಲ್ಲಿ ಮಕ್ಕಳಿಗೆ ಮಾಡಿದ ಮೊದಲ ಯಶಸ್ವಿ ಯಕೃತ್ ಕಸಿಯು ಈ ರೋಗದ ಮಗುವಿಗೇ ಆದುದು. ಹೀಗಿರಲು, ಒಂದು ತಿಂಗಳ ಕೂಸಿನ ಮಲವು ಬಿಳಿಚಿಕೊಂಡಿದ್ದರೂ ‘ಬಿಸಿಲಿಗೆ ಹಿಡಿಯಿರಿ, ಇಳಿಯುತ್ತದೆ’ ಎಂಬ ಉತ್ತರವೇ ದೊರೆತಲ್ಲಿ, ತಾಯಿಯು ಬಿಲಿರುಬಿನ್ ಎಂಬ ಪಿತ್ತದ್ರವ್ಯದ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಅಳೆಯಿಸಬೇಕೆಂದು ಕೇಳುವುದೂ, ಮಕ್ಕಳ ಯಕೃತ್ತಿನ ತಜ್ಞರನ್ನು ಕಾಣುವುದೂ ಹಟವಲ್ಲ, ಕರ್ತವ್ಯ. ಕೆಲವೆಡೆ ಕಾಮಾಲೆಯ ಕೂಸಿಗೆ ಬರೆ ಹಾಕಿಸುವ ಕ್ರೂರ ರೂಢಿಯು ಇನ್ನೂ ಅಳಿದಿಲ್ಲ. ಅದನ್ನು ಎರಡನೆಯ ಅಭಿಪ್ರಾಯವೆಂದು ಯಾರೂ ಭ್ರಮಿಸಬಾರದು. ಅದು ಕೂಸಿಗೆ ಗಾಯವನ್ನೂ ನಂಜನ್ನೂ ತಂದು, ಅಮೂಲ್ಯವಾದ ದಿನಗಳನ್ನು ಹಾಳುಮಾಡುತ್ತದೆ.

ಕೇಳುತ್ತ ಕೂರಬಾರದ ವೇಳೆ

ಎಲ್ಲ ಹೊತ್ತೂ ವಿಚಾರದ ಹೊತ್ತಲ್ಲ. ಕೂಸು ಉಸಿರಿಗಾಗಿ ಒದ್ದಾಡುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಸೆಳವು ಬಂದಿದ್ದರೆ, ಹಾಲು ಬಿಟ್ಟು ಮೈ ತಣ್ಣಗಾಗಿ ಜೋಲುಬಿದ್ದಿದ್ದರೆ, ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದಿದ್ದರೆ, ಎದುರಿಗಿರುವ ವೈದ್ಯರು ಹೇಳಿದ ಚಿಕಿತ್ಸೆಯನ್ನು ಒಡನೆ ನಡೆಯಗೊಡಬೇಕು. ರಕ್ತದಲ್ಲಿ ನಂಜೇರಿದ ಶಿಶುವಿಗೆ ಔಷಧವು ಗಂಟೆಗಳ ಲೆಕ್ಕದಲ್ಲಿ ಬೀಳಬೇಕು. ಹಸುರು ಬಣ್ಣದ ವಾಂತಿಯಾದರೆ ಕರುಳು ತಿರುಚಿಕೊಂಡಿರಬಹುದು. ಕೆಲವೇ ಗಂಟೆಗಳಲ್ಲಿ ಕರುಳು ಸತ್ತುಹೋಗುವ ಸಂಭವವಿದೆ. ಅಲ್ಲಿ ಇನ್ನೊಬ್ಬರನ್ನು ಹುಡುಕುತ್ತ ಊರು ಸುತ್ತುವುದು ಪ್ರಾಣಕ್ಕೆ ಎರವು. ಮೊದಲು ಪ್ರಾಣರಕ್ಷಣೆ, ಆಮೇಲೆ ಪರಾಮರ್ಶೆ.

ಎರಡನೆಯ ಅಭಿಪ್ರಾಯಕ್ಕೆ ತಕ್ಕ ಸಂದರ್ಭಗಳು ಬೇರೆ: ದಿನಗಳು ಕಳೆದರೂ ರೋಗದ ಹೆಸರು ಗೊತ್ತಾಗದಿರುವುದು, ಚಿಕಿತ್ಸೆಯಿಂದ ನಿರೀಕ್ಷಿಸಿದ ಗುಣವು ಕಾಣದಿರುವುದು, ಕಾಯಬಹುದಾದ ದೊಡ್ಡ ಶಸ್ತ್ರಕ್ರಿಯೆಯೊಂದನ್ನು ಸೂಚಿಸಿರುವುದು, ವಿರಳವಾದ ರೋಗವೊಂದನ್ನು ಹೇಳಿರುವುದು, ಇನ್ನು ಆಸೆಯಿಲ್ಲವೆಂದು ತಿಳಿಸಿರುವುದು.

ಕೇಳುವ ಕ್ರಮ

ಕೇಳುವವರು ಮೊದಲು ಮುಖ್ಯ ವೈದ್ಯರನ್ನೇ ಕಾಣಬೇಕು. ದಾದಿಯರ ಮುಂದೆ ಗೊಣಗುವುದರಿಂದ ಪ್ರಯೋಜನವಿಲ್ಲ. ಬಿಡುವಾದ ಸಮಯವನ್ನು ಕೇಳಿಕೊಂಡು, ಮನೆಯವರಲ್ಲಿ ಇಬ್ಬರು ಮಾತ್ರ ಹೋಗುವುದು ಲೇಸು. ಹತ್ತು ಮಂದಿ ನೆಂಟರು ಸುತ್ತುವರಿದು ಹತ್ತು ಪ್ರಶ್ನೆ ಹಾಕಿದರೆ ಯಾವ ವೈದ್ಯರ ತಾಳ್ಮೆಯಾದರೂ ಕೆಡುವುದು. ‘ನಿಮ್ಮಲ್ಲಿ ನಮಗೆ ವಿಶ್ವಾಸವಿದೆ, ಆದರೂ ಈ ವಿಷಯದಲ್ಲಿ ಇನ್ನೊಬ್ಬ ತಜ್ಞರೊಡನೆ ವಿಚಾರಿಸಿದರೆ ನಮ್ಮ ಮನಸ್ಸಿಗೆ ಸಮಾಧಾನವಾದೀತು, ತಾವೇ ಯಾರನ್ನಾದರೂ ಸೂಚಿಸಬಹುದೆ?’ ಎಂದರೆ ಸಾಕು. ಬಲ್ಲ ವೈದ್ಯರು ಇದಕ್ಕೆ ಮುನಿಯುವುದಿಲ್ಲ. ತಮ್ಮ ಹೊಣೆಯನ್ನು ಹಂಚಿಕೊಳ್ಳುವವರು ದೊರೆತರೆಂದು ಹಲವರು ಸಂತೋಷಪಡುವುದೂ ಉಂಟು.

ಅದಕ್ಕೆ ಮುಂಚೆ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು: ರೋಗವು ಏನೆಂದು ಊಹೆ? ಅದಲ್ಲದಿದ್ದರೆ ಮತ್ತೇನಿರಬಹುದು? ಈ ಚಿಕಿತ್ಸೆ ಫಲಿಸುತ್ತಿದೆಯೆಂಬುದಕ್ಕೆ ಗುರುತೇನು? ಎಷ್ಟು ಹೊತ್ತು ಕಾಯಬಹುದು? ಎಷ್ಟೋ ವೇಳೆ ಈ ನಾಲ್ಕರ ಉತ್ತರ ದೊರೆತೊಡನೆಯೇ ಸಂಶಯವು ಕರಗಿ, ಎರಡನೆಯ ವೈದ್ಯರ ಅವಶ್ಯಕತೆಯೇ ತಪ್ಪುತ್ತದೆ. ಅದೇ ಪುಸ್ತಕದಲ್ಲಿ ಕೂಸಿನ ಜನನದ ತೂಕ, ಪ್ರತಿದಿನದ ತೂಕ, ಹಾಲು, ಮಲಮೂತ್ರ, ಕೊಟ್ಟ ಔಷಧಗಳು ಇವುಗಳನ್ನು ತಾಯಿಯು ಬರೆದಿಟ್ಟರೆ, ಹೊಸದಾಗಿ ನೋಡುವವರಿಗೆ ಅದಕ್ಕಿಂತ ಬೆಲೆಯುಳ್ಳ ಕಾಗದವಿಲ್ಲ. ಪರೀಕ್ಷೆಗಳ ವರದಿಗಳ ಪ್ರತಿಗಳನ್ನೂ, ಕ್ಷಕಿರಣದ ಚಿತ್ರಗಳನ್ನೂ ಜೊತೆಗಿಡಬೇಕು.

ಕೂಸನ್ನು ಕದಲಿಸದೆಯೇ ಅಭಿಪ್ರಾಯವನ್ನು ಪಡೆಯಬಹುದೆಂಬುದನ್ನೂ ನೆನಪಿಡಬೇಕು. ಅದೇ ಆಸ್ಪತ್ರೆಯ ಬೇರೆ ತಜ್ಞರು ಬಂದು ನೋಡಬಹುದು, ಹೊರಗಿನವರನ್ನು ಕರೆಯಿಸಬಹುದು, ತಂದೆಯೊಬ್ಬನೇ ಕಾಗದಪತ್ರಗಳೊಡನೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಇಂತಹ ಕಡೆಗಳಿಗೆ ಹೋಗಿ ವಿಚಾರಿಸಬಹುದು. ೨೦೨೦ರ ಮಾರ್ಚಿಯಲ್ಲಿ ದೂರವೈದ್ಯಕ್ಕೆ ಸರಕಾರವು ನಿಯಮಗಳನ್ನು ಹೊರಡಿಸಿದ ಮೇಲೆ, ವೈದ್ಯರು ವೈದ್ಯರೊಡನೆ ದೂರದಿಂದಲೇ ಸಮಾಲೋಚಿಸುವುದೂ ಸುಲಭವಾಗಿದೆ.

ಸಾಗಿಸಲೇಬೇಕಾದರೆ

ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕೋಪದಿಂದ ಸಹಿಮಾಡಿಕೊಟ್ಟು, ಕೂಸನ್ನು ಎತ್ತಿಕೊಂಡು ಬಾಡಿಗೆಯ ಕಾರಿನಲ್ಲಿ ಹೊರಡುವುದು ಅಪಾಯಕರ. ದಾರಿಯಲ್ಲಿ ಎಳೆಗೂಸಿಗೆ ಮೂರು ಶತ್ರುಗಳು: ಚಳಿ, ರಕ್ತದಲ್ಲಿ ಸಕ್ಕರೆಯ ಇಳಿತ, ಉಸಿರಿನ ಕೊರತೆ. ಆದುದರಿಂದ ಮೊದಲು ಕೂಸಿನ ಸ್ಥಿತಿಯನ್ನು ಸ್ಥಿರಪಡಿಸಿ, ಮುಂದಿನ ಆಸ್ಪತ್ರೆಯಲ್ಲಿ ಹಾಸಿಗೆಯಿದೆಯೆಂಬುದನ್ನು ದೂರವಾಣಿಯಲ್ಲಿ ಖಚಿತಪಡಿಸಿಕೊಂಡು, ವೈದ್ಯರ ಪತ್ರವನ್ನು ಪಡೆದು, ಆಮ್ಲಜನಕವೂ ಶಿಕ್ಷಿತ ಸಹಾಯಕರೂ ಇರುವ ವಾಹನದಲ್ಲಿ ಹೊರಡತಕ್ಕದ್ದು. ಸ್ಥಿತಿಯು ಅನುಕೂಲವಾಗಿದ್ದು ವೈದ್ಯರು ಒಪ್ಪಿದರೆ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಂಡು ಸಾಗಿಸುವುದು ಚಳಿಗೆ ಒಳ್ಳೆಯ ತಡೆ. ಈ ಕ್ರಮವನ್ನು ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ ಡಾಕ್ಟರ್ ಎಡ್ಗರ್ ರೇ ಅವರು ಆರಂಭಿಸಿದರು. ೨೦೧೧ರಲ್ಲಿ ಮೊದಲಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ, ಸರಕಾರೀ ಆಸ್ಪತ್ರೆಗಳಲ್ಲಿ ಕಾಯಿಲೆಯ ಶಿಶುವಿನ ಚಿಕಿತ್ಸೆಯೂ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದೂ ಉಚಿತವೆಂಬುದನ್ನು ಬಡವರು ಮರೆಯಬಾರದು.

ಇಬ್ಬರ ಮಾತು ಬೇರೆಯಾದರೆ

ಇಬ್ಬರು ಒಂದೇ ಮಾತನ್ನು ಹೇಳಿದರೆ ಮನಸ್ಸಿಗೆ ಧೈರ್ಯ. ಬೇರೆಬೇರೆ ಹೇಳಿದರೆ, ನಮಗೆ ಹಿತವಾದುದನ್ನು ಹೇಳಿದವರೇ ಸರಿಯೆಂದು ಹಿಡಿಯಬಾರದು. ಯಾವ ಪರೀಕ್ಷೆಯ ಆಧಾರದಿಂದ ಈ ಭೇದವೆಂದು ಕೇಳಬೇಕು. ಸಾಧ್ಯವಾದರೆ ಇಬ್ಬರೂ ಪರಸ್ಪರ ಮಾತನಾಡುವಂತೆ ಬೇಡಿಕೊಳ್ಳಬೇಕು. ಹಾಗೆಂದು ಮೂರನೆಯವರು, ನಾಲ್ಕನೆಯವರು ಎಂದು ಅಲೆಯುತ್ತ ಹೋದರೆ ಚಿಕಿತ್ಸೆ ಮಾಡುವವರೇ ಇಲ್ಲವಾಗುತ್ತಾರೆ.

ಎಷ್ಟು ಜನರನ್ನು ಕೇಳಿದರೂ ಆ ಕಾಲದ ವಿದ್ಯೆಗೆ ಮಿತಿಯುಂಟು. ೧೯೬೩ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ದಿನ ತುಂಬುವ ಮೊದಲೇ ಹುಟ್ಟಿದ ಗಂಡುಕೂಸನ್ನು, ಶ್ವಾಸಕೋಶದ ತೊಂದರೆಗಾಗಿ ಬಾಸ್ಟನ್ನಿನ ದೊಡ್ಡ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಎರಡು ದಿನಗಳೊಳಗೆ ಅದು ತೀರಿಕೊಂಡಿತು. ಅಧಿಕಾರವಾಗಲಿ ಐಶ್ವರ್ಯವಾಗಲಿ ಇಲ್ಲದ ಔಷಧವನ್ನು ತರಲಾರದು. ೧೯೮೦ರಲ್ಲಿ ಜಪಾನಿನ ಫುಜಿವಾರ ಎಂಬ ವೈದ್ಯನು ಅಂತಹ ಕೂಸುಗಳ ಶ್ವಾಸಕೋಶಕ್ಕೆ ಬೇಕಾದ ದ್ರವ್ಯವನ್ನು ಹೊರಗಿನಿಂದ ಕೊಟ್ಟು ಫಲ ಕಂಡುದನ್ನು ಪ್ರಕಟಿಸಿದನು. ಇಂದು ಅಂತಹ ಕೂಸುಗಳಲ್ಲಿ ಬಹುಪಾಲು ಬದುಕುತ್ತವೆ. ಆದುದರಿಂದ, ಕೇಳತಕ್ಕವರನ್ನು ಕೇಳಿಯೂ ಕೂಸು ಉಳಿಯದಿದ್ದರೆ, ತಾಯ್ತಂದೆಗಳು ತಮ್ಮನ್ನು ತಾವೇ ಹಳಿದುಕೊಳ್ಳಬೇಕಾದುದಿಲ್ಲ.

ಮಾತು ಬಾರದ ಕೂಸಿನ ಪರವಾಗಿ ಮಾತನಾಡುವವರು ಮನೆಯವರಲ್ಲದೆ ಮತ್ತಾರೂ ಇಲ್ಲ. ಆ ಮಾತನ್ನು ಸಕಾಲದಲ್ಲಿ, ತಕ್ಕವರಲ್ಲಿ, ತಾಳ್ಮೆಯಿಂದ ಆಡುವುದು ಗೃಹಸ್ಥರ ಧರ್ಮ. ಅದನ್ನು ಮುನಿಯದೆ ಕೇಳುವುದು ವೈದ್ಯರ ಧರ್ಮ.