ಹದಿನೆಂಟು ತುಂಬಿದ ಮೇಲೆ ಆ ಮಕ್ಕಳಿಗೆ ಯಾರು?



ದತ್ತು ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ತೊಟ್ಟಿಲ ಕೂಸು. ಆದರೆ ಬಾಲಮಂದಿರಗಳಲ್ಲಿ ಬೆಳೆಯುವ ಮಕ್ಕಳನೇಕರಿಗೆ ತೊಟ್ಟಿಲ ವಯಸ್ಸು ಎಂದೋ ಕಳೆದಿರುತ್ತದೆ. ಕೆಲವರಿಗೆ ತಂದೆಯೋ ತಾಯಿಯೋ ಇದ್ದೂ ಸಾಕುವ ಶಕ್ತಿಯಿರುವುದಿಲ್ಲ. ಅಂಥವರಲ್ಲಿ ಹಲವರನ್ನು ದತ್ತು ಕೊಡಲು ಬರುವುದಿಲ್ಲ. ಇವರೆಲ್ಲ 18 ವರ್ಷ ತುಂಬಿದಾಗ ಬಾಲಮಂದಿರವನ್ನು ಬಿಡಬೇಕಾಗುತ್ತದೆ.

ಕಾನೂನು ಇವರನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅನುಪಾಲನೆಯ ವ್ಯವಸ್ಥೆಯುಂಟು. 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ, ವಸತಿ, ಶಿಕ್ಷಣ ಹಾಗೂ ಉದ್ಯೋಗ ತರಬೇತಿಗೆ ನೆರವು ದೊರೆಯಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕಾಗಿ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ.

ಆದರೆ ಬಾಡಿಗೆ ಮನೆಗೆ ಜಾಮೀನು ನಿಲ್ಲುವವರು ಯಾರು? ಜ್ವರ ಬಂದಾಗ ಗಂಜಿ ಕಾಯಿಸುವವರು ಯಾರು? ದೀಪಾವಳಿಗೆ ವಿದ್ಯಾರ್ಥಿನಿಲಯ ಮುಚ್ಚಿದಾಗ ಹೋಗುವುದೆಲ್ಲಿಗೆ? ಇದನ್ನು ಹಣವೊಂದೇ ನೀಗಿಸದು.

ನೆರವಾಗಬಯಸುವವರಿಗೆ ಮೂರು ದಾರಿಗಳಿವೆ. ದತ್ತು ಶಾಶ್ವತ ಸಂಬಂಧ. ದತ್ತು ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕುಗಳೂ ಇರುತ್ತವೆ. ಪೋಷಕತ್ವವೆಂದರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಗುವನ್ನು ಕೆಲಕಾಲ ಮನೆಯಲ್ಲಿಟ್ಟು ಸಲಹುವುದು. ಮೂರನೆಯದು, 18 ದಾಟಿದವರಿಗೆ ಹಿರಿಯರಾಗಿ ಒದಗುವುದು. ದತ್ತಿನ ಅರ್ಜಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕವೇ ಸಾಗಬೇಕು; 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಗಳೇ ನೀಡುತ್ತಾರೆ. ಅನಾಥ ಅಥವಾ ಪರಿತ್ಯಕ್ತ ಶಿಶುವನ್ನು ಕೈಯಿಂದ ಕೈಗೆ ಪಡೆಯುವುದು ಪುಣ್ಯವಲ್ಲ, ಅಪರಾಧ; ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ಅಂಥ ಕೂಸು ಕಂಡರೆ ಕೂಡಲೇ 1098ಕ್ಕೆ ಕರೆ ಮಾಡಿರಿ.

ಎಲ್ಲಿ ವಿಚಾರಿಸಬೇಕೆಂಬುದರಲ್ಲಿ ಗೊಂದಲ ಬೇಡ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ, ಹಂಪಿಯ ಭಕ್ತರು ಹೊಸಪೇಟೆಯಲ್ಲಿಯೂ, ಸಂಡೂರು, ಕಂಪ್ಲಿಯವರು ಬಳ್ಳಾರಿಯಲ್ಲಿಯೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು.

ಬಸವಾದಿ ಶರಣರು ಕಾಯಕ ಮತ್ತು ದಾಸೋಹವನ್ನು ಬೇರ್ಪಡಿಸಲಿಲ್ಲ. ಅನ್ನವಿಟ್ಟು ಕಳುಹಿಸಿದರೆ ದಾಸೋಹ ಅರ್ಧವಾಯಿತು. ಕಾಯಕ ಕಲಿಸಿದರೆ ಪೂರ್ಣವಾಯಿತು. ಹಂಪಿಯಲ್ಲಿ ವಸತಿಗೃಹ ನಡೆಸುವವರು, ಸಂಡೂರಿನ ಗಣಿ ವಾಹನಗಳ ದುರಸ್ತಿಗಾರರು, ಕಂಪ್ಲಿಯ ಅಕ್ಕಿ ಗಿರಣಿಯವರು ತಲಾ ಒಬ್ಬ ತರುಣನಿಗೋ ತರುಣಿಗೋ ಕೆಲಸ ಕಲಿಸಿ, ನ್ಯಾಯವಾದ ಸಂಬಳ ನೀಡಬಲ್ಲರು. ಕುಲ, ಊರು, ಹೆತ್ತವರ ವಿಚಾರವನ್ನು ಕೆದಕದಿರುವುದೂ ಆ ಮಕ್ಕಳಿಗೆ ಸಲ್ಲಿಸುವ ಗೌರವವೇ.

ಹಬ್ಬದ ದಿನ ಅವರಿಗಾಗಿ ಒಂದು ಎಲೆ ಹೆಚ್ಚು ಹಾಕೋಣ. ಮರುದಿನವೂ ಬಾಗಿಲು ತೆರೆದಿರಲಿ.