ಒಂದು ಎಂಜಿನ್, ಮೂರು ಕಾರ್ಬ್ಯುರೇಟರ್

ಮಧ್ಯಮ ಗಾತ್ರದ, ಮಧ್ಯಮ ಬೆಲೆಯ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಕೂರಿಸಿದರೆ ಅದೇ ಅಮೆರಿಕದ ಮಸಲ್ ಕಾರ್. ಈ ಸೂತ್ರಕ್ಕೆ ಹೆಸರು ತಂದುಕೊಟ್ಟದ್ದು 1964ರ ಪಾಂಟಿಯಾಕ್ ಜಿಟಿಒ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚು ಮೀರಿದ ಎಂಜಿನ್ ಹಾಕಕೂಡದು ಎಂಬುದು ಆಗ ಜನರಲ್ ಮೋಟರ್ಸ್‌ನ ಕಟ್ಟಪ್ಪಣೆ. ಆಡಳಿತ ಚಾಪೆಯ ಕೆಳಗೆ ತೂರಿದರೆ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ರಂಗೋಲಿಯ ಕೆಳಗೆ ತೂರಿದರು. ಹೊಸ ಮಾದರಿ ಎಂದು ಅನುಮತಿ ಕೇಳುವ ಬದಲು, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಹೆಚ್ಚುವರಿ ಹಣ ಕೊಟ್ಟು ಪಡೆಯಬಹುದಾದ ಸೌಲಭ್ಯವಾಗಿ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಮಾರಿದರು. ನಾಲ್ಕು ಬ್ಯಾರೆಲ್‌ನ ಒಂದೇ ಕಾರ್ಬ್ಯುರೇಟರ್ ಇದ್ದರೆ 325 ಅಶ್ವಶಕ್ತಿ. ಎರಡೆರಡು ಬ್ಯಾರೆಲ್‌ನ ಮೂರು ಕಾರ್ಬ್ಯುರೇಟರ್‌ಗಳ ‘ಟ್ರೈ-ಪವರ್’ ಆದರೆ 348.

ಈ ವ್ಯತ್ಯಾಸದ ಮೂಲ ಇರುವುದು ಗಾಳಿಯಲ್ಲಿ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಕಾರ್ಬ್ಯುರೇಟರ್‌ನ ಗಾಳಿದಾರಿಯ, ಅಂದರೆ ಬ್ಯಾರೆಲ್‌ನ, ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿತವೇ ಪೆಟ್ರೋಲನ್ನು ಮೇಲೆಳೆದು ತುಂತುರು ಮಾಡುತ್ತದೆ. ಕೊರಳು ಕಿರಿದಾಗಿದ್ದರೆ ನಿಧಾನ ಸಂಚಾರದಲ್ಲಿ ಮಿಶ್ರಣ ಹದವಾಗಿರುತ್ತದೆ, ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್‌ಗೆ ಉಸಿರು ಸಾಲದು. ದೊಡ್ಡ ಕೊರಳಿನಲ್ಲಿ ಉಸಿರೇನೋ ಧಾರಾಳ, ಆದರೆ ನಿಧಾನ ಚಲನೆಯಲ್ಲಿ ಗಾಳಿಯ ವೇಗ ಸಾಲದೆ ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ. ಒಂದು ಕಿರಿದಾದ ದಾರಿ ಸದಾ ತೆರೆದಿದ್ದು, ಬೇಕೆಂದಾಗ ಮಾತ್ರ ಇನ್ನಷ್ಟು ದಾರಿಗಳು ತೆರೆದುಕೊಂಡರೆ ಎರಡೂ ಕೆಲಸ ಆಗುತ್ತದೆ. ಹಲವು ಕಾರ್ಬ್ಯುರೇಟರ್‌ಗಳ ಹಿಂದಿರುವ ಯೋಚನೆ ಇಷ್ಟೇ.

ಟ್ರೈ-ಪವರ್‌ನಲ್ಲಿ ಪೇಟೆಯ ಓಡಾಟವನ್ನೆಲ್ಲ ನಡುವಿನ ಕಾರ್ಬ್ಯುರೇಟರ್ ಒಂದೇ ನಿಭಾಯಿಸುತ್ತದೆ. ಕಾಲು ಆಳಕ್ಕೆ ಇಳಿದಾಗ ಮುಂದಿನದೂ ಹಿಂದಿನದೂ ತೆರೆದುಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ನಿರ್ವಾತದ ಎಳೆತದಿಂದ, ಕೆಲವದರಲ್ಲಿ ನೇರ ಸರಳುಗಳ ಜೋಡಣೆಯಿಂದ. ಕ್ರೈಸ್ಲರ್ ಕಂಪನಿ 1966ರಲ್ಲಿ ಬೀದಿಗಿಳಿಸಿದ 426 ಘನ ಇಂಚಿನ ‘ಹೆಮಿ’ ಎಂಜಿನ್‌ಗೆ ನಾಲ್ಕು ಬ್ಯಾರೆಲ್‌ನ ಎರಡು ಕಾರ್ಟರ್ ಕಾರ್ಬ್ಯುರೇಟರ್‌ಗಳು ಒಂದರ ಹಿಂದೊಂದು ಕೂತಿದ್ದವು. ಘೋಷಿತ ಶಕ್ತಿ 425 ಅಶ್ವಶಕ್ತಿ. ಅದೇ ಕಂಪನಿ 1969ರ ನಡುವೆ ಡಾಡ್ಜ್ ಸೂಪರ್ ಬೀ ಮತ್ತು ಪ್ಲಿಮತ್ ರೋಡ್ ರನ್ನರ್ ಕಾರುಗಳಿಗೆ 440 ಘನ ಇಂಚಿನ ‘ಸಿಕ್ಸ್ ಪ್ಯಾಕ್’ ಕೊಟ್ಟಿತು. ಎಡೆಲ್‌ಬ್ರಾಕ್ ಕಂಪನಿಯ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಮೇಲೆ ಮೂರು ಹಾಲಿ ಕಾರ್ಬ್ಯುರೇಟರ್‌ಗಳು, 390 ಅಶ್ವಶಕ್ತಿ. ಆ ವರ್ಷದ ಕಾರುಗಳ ಬಾನೆಟ್‌ಗೆ ಕೀಲುಗಳೇ ಇರಲಿಲ್ಲ. ನಾಲ್ಕು ಪಿನ್ ಕಳಚಿ ಫೈಬರ್‌ಗ್ಲಾಸ್ ಮುಚ್ಚಳವನ್ನು ಪೂರ್ತಿ ಎತ್ತಿ ಪಕ್ಕಕ್ಕಿಡಬೇಕಿತ್ತು. ಒಬ್ಬರೇ ಇದ್ದಾಗ ಅದು ಫಜೀತಿಯ ಕೆಲಸ.

ಈ ಭರಾಟೆ ಹೆಚ್ಚು ಕಾಲ ಬಾಳಲಿಲ್ಲ. 1967ರ ಮಾದರಿಗಳಿಂದ ಜನರಲ್ ಮೋಟರ್ಸ್, ಕಾರ್ವೆಟ್‌ನಂಥ ವಿನಾಯಿತಿಗಳನ್ನು ಬಿಟ್ಟು, ಹಲವು ಕಾರ್ಬ್ಯುರೇಟರ್‌ಗಳನ್ನು ನಿಷೇಧಿಸಿತು. ಕಾರ್ವೆಟ್‌ನ 427 ಘನ ಇಂಚಿನ ಎಂಜಿನ್ ಮಾತ್ರ ಮೂರು ಕಾರ್ಬ್ಯುರೇಟರ್‌ಗಳೊಂದಿಗೆ 435 ಅಶ್ವಶಕ್ತಿಯವರೆಗೆ ಹೋಯಿತು. ಜಿಟಿಒ ಪಾಲಿಗೆ ಬಂದದ್ದು ರೋಚೆಸ್ಟರ್ ‘ಕ್ವಾಡ್ರಾಜೆಟ್’: ಎರಡು ಸಣ್ಣ, ಎರಡು ಬಹುದೊಡ್ಡ ಬ್ಯಾರೆಲ್‌ಗಳನ್ನು ಒಂದೇ ಮೈಯಲ್ಲಿ ಅಡಗಿಸಿಕೊಂಡ ಕಾರ್ಬ್ಯುರೇಟರ್. 1966ರ ಟ್ರೈ-ಪವರ್ ಎಂಜಿನ್‌ನ ಘೋಷಿತ ಶಕ್ತಿ 360 ಅಶ್ವಶಕ್ತಿ. ಮರುವರ್ಷದ, ತುಸು ಹಿಗ್ಗಿದ 400 ಘನ ಇಂಚಿನ ಎಂಜಿನ್ ಒಂದೇ ಕ್ವಾಡ್ರಾಜೆಟ್‌ನಿಂದ ಅದೇ 360 ತಲುಪಿತು. ಮೂರರ ಮೋಡಿಯಲ್ಲಿ ನೋಟದ ಪಾಲು ಎಷ್ಟಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ವಿಮಾ ಕಂತಿನ ಏರಿಕೆ, 1970ರ ಶುದ್ಧ ಗಾಳಿ ಕಾಯ್ದೆ, 1973ರ ತೈಲ ಬಿಕ್ಕಟ್ಟು ಸೇರಿ ಆ ಯುಗವನ್ನೇ ಮುಗಿಸಿದವು. ಮೇಲಿನ ಅಂಕಿಗಳೆಲ್ಲ ಫ್ಯಾನು, ಸೈಲೆನ್ಸರ್ ಇತ್ಯಾದಿ ಹೊರೆಗಳಿಲ್ಲದೆ ಎಂಜಿನನ್ನು ಅಳೆದ ಹಳೆಯ ಪದ್ಧತಿಯವು. 1972ರಿಂದ ಕಾರಿನಲ್ಲಿ ಇರುವಂತೆಯೇ ಅಳೆಯುವ ಪದ್ಧತಿ ಬಂದಾಗ ಸಂಖ್ಯೆಗಳು ಕಾಗದದ ಮೇಲೂ ಕುಸಿದವು.

ಇಂಥ ಕಾರನ್ನು ಇಂದು ಇಟ್ಟುಕೊಳ್ಳುವವರಿಗೆ ಮೊದಲ ಪರೀಕ್ಷೆ ಹೊಂದಾಣಿಕೆ. ಎರಡು ಕಾರ್ಬ್ಯುರೇಟರ್‌ಗಳ ರಾಜದೂತ್ 350 ಬೈಕನ್ನು ಟ್ಯೂನ್ ಮಾಡಿದ ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಈ ಕಷ್ಟ ಗೊತ್ತು. ಎರಡೂ ತುದಿಯ ಕಾರ್ಬ್ಯುರೇಟರ್‌ಗಳು ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ತೆರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಬೇಡದಾಗ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಅವುಗಳ ಥ್ರಾಟಲ್ ತಟ್ಟೆ ಕೂದಲೆಳೆಯಷ್ಟು ತೆರೆದಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಎಂಜಿನ್ ನಿಂತಲ್ಲೇ ಓಡುವಾಗ ಮುಕ್ಕರಿಸುತ್ತದೆ. ಸವೆದ ಥ್ರಾಟಲ್ ದಂಡಗಳಿಂದಲೂ ಇದೇ ತೊಂದರೆ. ಮಾಲೀಕ ನಡುವಿನ ಕಾರ್ಬ್ಯುರೇಟರ್‌ನ ಸ್ಕ್ರೂ ತಿರುಗಿಸುತ್ತಲೇ ಇರುತ್ತಾನೆ, ದೋಷ ಇರುವುದು ಪಕ್ಕದ್ದರಲ್ಲಿ. ತುದಿಯವನ್ನು ಮೆತ್ತಗೆ ಓಡಿಸುವವರು ಬಳಸುವುದೇ ಇಲ್ಲ. ಅವುಗಳ ಬಟ್ಟಲಲ್ಲಿ ನಿಂತ ಪೆಟ್ರೋಲ್ ಆವಿಯಾಗಿ ಅಂಟಿನಂಥ ಪದರ ಉಳಿದು ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಗಾಗ ತೆರವಾದ ರಸ್ತೆಯಲ್ಲಿ ಕಾಲೊತ್ತಿ ಓಡಿಸುವುದು ಇವುಗಳ ಪಾಲಿಗೆ ಚಟವಲ್ಲ, ಆರೈಕೆ.

ಇಂಧನದ ವಿಚಾರ ಇನ್ನೂ ಗಂಭೀರ. ಈ ಎಂಜಿನ್‌ಗಳು ಸೀಸ ಬೆರೆತ, ಹೆಚ್ಚು ಆಕ್ಟೇನ್‌ನ ಪೆಟ್ರೋಲ್‌ಗೆಂದು ತಯಾರಾದವು. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ವಾಲ್ವ್ ಕೂರುವ ಜಾಗ ಸವೆಯುವುದರಿಂದ, ಎಂಜಿನ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟ್ ಹಾಕಿಸುವುದು ವಾಡಿಕೆ. ಅಮೆರಿಕದ ಬಂಕ್‌ಗಳಲ್ಲಿ ಸಾಮಾನ್ಯವಾದ ಶೇ 10ರ ಎಥೆನಾಲ್ ಮಿಶ್ರಣ ಹಳೆಯ ರಬ್ಬರ್ ಕೊಳವೆಗಳನ್ನೂ ಗ್ಯಾಸ್ಕೆಟ್‌ಗಳನ್ನೂ ತಿನ್ನುತ್ತದೆ. ಮೂರು ಕಾರ್ಬ್ಯುರೇಟರ್ ಎಂದರೆ ಸೋರಬಹುದಾದ ಜಾಗಗಳೂ ಹೆಚ್ಚು, ಅದೂ ಕಾದ ಎಂಜಿನ್‌ನ ನೆತ್ತಿಯ ಮೇಲೆ. ಎಥೆನಾಲ್ ತಡೆಯುವ ಕೊಳವೆ ಹಾಗೂ ಕೈಗೆಟುಕುವ ಅಗ್ನಿಶಾಮಕ, ಬಣ್ಣ ಬಳಿಸುವುದಕ್ಕಿಂತ ಮೊದಲು ಮಾಡಬೇಕಾದ ಖರ್ಚು.

ಮಾರ್ಪಾಡುಗಳಲ್ಲಿ ಬಲು ಜನಪ್ರಿಯವಾದದ್ದು ನಿರ್ವಾತ ವ್ಯವಸ್ಥೆಯನ್ನು ಕಿತ್ತು ನೇರ ಸರಳುಗಳನ್ನು ಹಾಕುವುದು. ಸ್ಪಂದನ ಚುರುಕಾಗುತ್ತದೆ, ನಿಜ. ಆದರೆ ನಿರ್ವಾತ ಎಂಜಿನ್‌ನ ಅಗತ್ಯ ನೋಡಿ ಬಾಗಿಲು ತೆರೆಯುತ್ತಿತ್ತು. ಸರಳು ಚಾಲಕನ ಆತುರ ನೋಡಿ ತೆರೆಯುತ್ತದೆ. ಕಡಿಮೆ ವೇಗದಲ್ಲಿ ಒಮ್ಮೆಲೇ ಒತ್ತಿದರೆ ಎಂಜಿನ್ ತಡವರಿಸುವ ಸಾಧ್ಯತೆಯೂ ಉಂಟು. ಎಲೆಕ್ಟ್ರಾನಿಕ್ ಇಗ್ನಿಷನ್, ರೇಡಿಯಲ್ ಟೈರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಮುಂತಾದವಕ್ಕೆ ಯಾರ ತಕರಾರೂ ಇರಬೇಕಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದ 1964ರ ಜಿಟಿಒ ಓಡುವಷ್ಟು ಚೆನ್ನಾಗಿ ನಿಲ್ಲುತ್ತಿರಲಿಲ್ಲ. ಕಾರ್ಬ್ಯುರೇಟರ್‌ನ ವೇಷ ತೊಟ್ಟ ಇಂಧನ ಇಂಜೆಕ್ಷನ್ ಘಟಕಗಳೂ ಈಗ ಸಿಗುತ್ತವೆ. ದಿನಬಳಕೆಗೆ ಅವು ಉತ್ತಮ, ಆದರೆ ಹಲವು ಕಾರ್ಬ್ಯುರೇಟರ್‌ಗಳ ಕಾರು ಕೊಳ್ಳುವ ಕಾರಣವೇ ಅಲ್ಲಿಗೆ ಮುಗಿಯುತ್ತದೆ.

ಬೆಲೆ ನಿಂತಿರುವುದು ಮೂಲ ರೂಪದ ಮೇಲೆ. 1971ರ ಹೆಮಿ ಎಂಜಿನ್‌ನ ಪ್ಲಿಮತ್ ಕುಡಾ ಕನ್ವರ್ಟಿಬಲ್ ತಯಾರಾದದ್ದು 11 ಮಾತ್ರ. ಅವುಗಳಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ಹೀಗಾಗಿ ಸಾದಾ ಟೆಂಪೆಸ್ಟ್‌ಗೆ ಜಿಟಿಒ ಲಾಂಛನ ಅಂಟಿಸಿ, ಬೇರೆಡೆಯಿಂದ ತಂದ ಟ್ರೈ-ಪವರ್ ಹೇರಿದ ಕಾರುಗಳೂ ಮಾರುಕಟ್ಟೆಯಲ್ಲಿವೆ. ಎಂಜಿನ್ ಬ್ಲಾಕ್ ಮತ್ತು ಕಾರ್ಬ್ಯುರೇಟರ್‌ಗಳ ಅಚ್ಚುಸಂಖ್ಯೆ, ಕಾರ್ಖಾನೆಯ ದಾಖಲೆ ತಾಳೆಯಾಗದೆ ಹಣ ಕೊಡಬಾರದು. ಕೊಂಡ ಮೇಲೆ ಏನನ್ನೇ ಬದಲಿಸಿದರೂ ಮೈ ಕೊರೆಯದೆ, ಬೆಸುಗೆ ಹಾಕದೆ ಬದಲಿಸಿ. ಬಿಚ್ಚಿದ ಮ್ಯಾನಿಫೋಲ್ಡ್, ಸರಳು, ಕಾರ್ಬ್ಯುರೇಟರ್‌ಗಳಿಗೆ ಚೀಟಿ ಕಟ್ಟಿ ಎತ್ತಿಡಿ. ಕಾರು ಮಾರುವ ದಿನ ಆ ಪೆಟ್ಟಿಗೆಯೂ ಜೊತೆಗೆ ಹೋಗಬೇಕು.